ಗಂಟಲಲ್ಲಿ ಸಿಕ್ಕಿದ್ದು ಕಬ್ಬಲ್ಲ



ಕಳೆದ ವರ್ಷ ಕಬ್ಬು ಕಡಿಯುವ ಕಾಲಕ್ಕೆ ನಮ್ಮ ಎಮ್ಮೆ ಮೇವು ಬಿಟ್ಟಿತು. ಬಾಯಿಂದ ಜೊಲ್ಲು ಸುರಿಯುತ್ತಿತ್ತು. ದನಿ ಒಡೆದು ಒಂದೇ ಸಮನೆ ಒದರುತ್ತಿತ್ತು. "ಗಂಟಲದಾಗ ಕಬ್ಬಿನ ತುಂಡು ಸಿಕ್ಕೈತಿ" ಎಂದು ಅಜ್ಜ ಬಾಯೊಳಗೆ ಕೈ ಹಾಕಿ ನೋಡಿದರು. ಏನೂ ಇರಲಿಲ್ಲ.

ದನದ ಡಾಕ್ಟರು ಬಂದವರೇ, "ಇದಕ್ಕ ಏನರ ಕಡದಿತ್ತೇನು?" ಎಂದು ಕೇಳಿದರು. ಆಗ ಕಾಕಾನಿಗೆ ನೆನಪಾಯಿತು. ತಿಂಗಳ ಹಿಂದೆ ಹಾಡಹಗಲೇ ಕಬ್ಬಿನೊಳಗಿಂದ ಬಂದ ನರಿಯೊಂದು ಅದರ ಮೂತಿಗೆ ಕಚ್ಚಿತ್ತು. ಸಣ್ಣ ಗಾಯವೆಂದು ಅರಿಶಿಣ ಹಚ್ಚಿ ಸುಮ್ಮನಾಗಿದ್ದೆವು.

ಡಾಕ್ಟರು ಹೇಳಿದ್ದು ರೇಬೀಸ್, ಅಂದರೆ ಹುಚ್ಚುನಾಯಿ ರೋಗ. ಈ ವೈರಸ್ ಕಚ್ಚಿದ ಗಾಯದಿಂದ ನರಗಳ ಮೂಲಕ ನಿಧಾನವಾಗಿ ಮಿದುಳಿಗೆ ಏರುತ್ತದೆ. ಇದಕ್ಕೆ ವಾರಗಳೇ, ಕೆಲವೊಮ್ಮೆ ತಿಂಗಳುಗಳೇ ಬೇಕು. ಅಲ್ಲಿಂದ ಜೊಲ್ಲಿಗೆ ಇಳಿಯುತ್ತದೆ. ಗಂಟಲಿನ ಸ್ನಾಯುಗಳು ಸೋತು ನುಂಗಲು ಆಗುವುದಿಲ್ಲ. ಅದಕ್ಕೇ ಏನೋ ಸಿಕ್ಕಿಕೊಂಡಂತೆ ಕಾಣುತ್ತದೆ. ಕೈ ಹಾಕಿದವರ ಬೆರಳಿನಲ್ಲಿ ಗೀರು ಇದ್ದರೂ ಸಾಕು, ರೋಗ ದಾಟಬಹುದು. ಅಜ್ಜನ ಕೈಯಲ್ಲಿ ಕಬ್ಬಿನ ರವದಿ ಗೀರಿದ ಗಾಯಗಳಿದ್ದವು.

ಲಕ್ಷಣ ಕಾಣಿಸಿದ ಮೇಲೆ ಈ ರೋಗಕ್ಕೆ ಮದ್ದಿಲ್ಲ; ಅದಕ್ಕೂ ಮೊದಲು ಲಸಿಕೆ ಇದೆ. 1885ರಲ್ಲಿ ಲೂಯಿ ಪಾಶ್ಚರ್ ನಾಯಿ ಕಚ್ಚಿದ ಬಾಲಕ ಜೋಸೆಫ್ ಮೈಸ್ಟರ್‌ನನ್ನು ಉಳಿಸಿದ್ದು ಇದರಿಂದಲೇ. ಅಜ್ಜ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ಕೈ ತೊಳೆದು, ಅಂದೇ ಸರ್ಕಾರಿ ಆಸ್ಪತ್ರೆಗೆ ಹೋದರು. ಹೇಳಿದ ದಿನಗಳಂದು ಒಂದೂ ತಪ್ಪದೆ ಸೂಜಿ ಹಾಕಿಸಿಕೊಂಡರು.

ಎಮ್ಮೆ ನಾಲ್ಕನೇ ದಿನ ಸತ್ತಿತು. ಆಳವಾದ ಗುಂಡಿ ತೋಡಿ ಸುಣ್ಣ ಹಾಕಿ ಹುಗಿದೆವು.

ಹಾಗಾದರೆ ನರಿಗಳನ್ನೆಲ್ಲ ಕೊಲ್ಲಬೇಕೇ? ಬೇಡ. ಹೊಲದ ಇಲಿ ತಿನ್ನುವುದು ಅವೇ. ನಮ್ಮ ದೇಶದಲ್ಲಿ ಈ ರೋಗದ ದೊಡ್ಡ ಮೂಲ ನಾಯಿ. ನರಿಗೂ ನಾಯಿಯಿಂದ ಅಂಟಬಹುದು. ಸ್ವಿಟ್ಜರ್ಲೆಂಡಿನಲ್ಲಿ 1978ರಿಂದ ತಿನಿಸಿನೊಳಗೆ ಲಸಿಕೆ ಇಟ್ಟು ಕಾಡಿನ ನರಿಗಳಿಗೇ ತಿನ್ನಿಸಿದರು, ರೋಗ ಹೋಯಿತು. ನಾವು ನಮ್ಮ ನಾಯಿಗಳಿಗೆ ಲಸಿಕೆ ಹಾಕಿಸುವುದರಿಂದ ಆರಂಭಿಸೋಣ.

ಮನೆಯಲ್ಲಿ ಇಷ್ಟು ಹೇಳಿರಿ: ದನಕ್ಕೆ ಏನಾದರೂ ಕಚ್ಚಿದರೆ ಗಾಯ ತೊಳೆದು ಅಂದೇ ಡಾಕ್ಟರನ್ನು ಕರೆಯಿರಿ, ದನಕ್ಕೂ ಲಸಿಕೆ ಇದೆ. ಜೊಲ್ಲು ಸುರಿಸುವ ದನದ ಬಾಯಿಗೆ ಕೈ ಹಾಕಬೇಡಿರಿ. ಹಸಿ ಹಾಲು ಕುಡಿಯಬೇಡಿರಿ.

ಅಜ್ಜ ಈಗಲೂ ನಸುಕಿನಲ್ಲೆದ್ದು ಹಾಲು ಕರೆಯುತ್ತಾರೆ. ಆದರೆ ಕರೆಯುವ ಮೊದಲು ದನದ ಮೈಮೇಲೆಲ್ಲ ಒಮ್ಮೆ ಕಣ್ಣಾಡಿಸುತ್ತಾರೆ.