ತಮಾಷೆಯನ್ನು ಮಗುವೇ ಹುಡುಕಲಿ

ನಗೆಯ ಚಿತ್ರಪುಸ್ತಕವೊಂದನ್ನು ಮಗುವಿನ ಮುಂದೆ ಬಿಚ್ಚಿದಾಗ ಮಗುವಿನ ಕಣ್ಣು ಚಿತ್ರಕ್ಕೆ ಹೋಗುತ್ತದೆ, ದೊಡ್ಡವರ ಕಣ್ಣು ಅಕ್ಷರಕ್ಕೆ. ಹತ್ತು ಹದಿನೈದು ಸಾಲನ್ನು ಎರಡೇ ನಿಮಿಷದಲ್ಲಿ ಓದಿ ಮುಗಿಸಿ, ‘ಎಷ್ಟು ತಮಾಷೆಯಾಗಿದೆ ಅಲ್ವಾ?’ ಎಂದು ಕೇಳುತ್ತೇವೆ. ಮಗು ತಲೆಯಾಡಿಸುತ್ತದೆ, ನಗುವುದಿಲ್ಲ. ತಮಾಷೆ ಎಲ್ಲಿದೆ ಎಂದು ಹುಡುಕುವುದೇ ಅದರ ಪಾಲಿನ ಆಟ. ಆ ಆಟವನ್ನು ನಾವೇ ಆಡಿ ಮುಗಿಸಿಬಿಟ್ಟರೆ ಅದಕ್ಕೇನು ಉಳಿಯಿತು? ಮೂರರಿಂದ ಏಳು ವರ್ಷದ ಮಕ್ಕಳ ಜೊತೆ ಇಂಥ ಪುಸ್ತಕವನ್ನು ಹೇಗೆ ನೋಡಬೇಕು ಎಂಬುದನ್ನು ಮನೆಯವರಿಗೂ ಅಂಗನವಾಡಿ, ನಲಿ-ಕಲಿ ತರಗತಿಯವರಿಗೂ ಅನುಕೂಲವಾಗುವಂತೆ ಇಲ್ಲಿ ಹೇಳಿದ್ದೇನೆ.

ಮೊದಲು ವಯಸ್ಸು ನೋಡಿ

ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ಮೆಕ್‌ಗೀ 1979ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಮಕ್ಕಳ ನಗು ಹಂತಹಂತವಾಗಿ ಬೆಳೆಯುವುದನ್ನು ವಿವರಿಸಿದ್ದಾರೆ. ಎರಡರ ಆಸುಪಾಸಿನ ಮಗುವಿಗೆ ವಸ್ತುವಿನ ತಪ್ಪು ಬಳಕೆಯೇ ನಗು: ಚಪ್ಪಲಿಯನ್ನು ಕಿವಿಗಿಟ್ಟು ‘ಹಲೋ’ ಎಂದರೆ ಸಾಕು. ಸ್ವಲ್ಪ ದೊಡ್ಡದಾದರೆ ನಾಯಿಯನ್ನು ‘ಬೆಕ್ಕು’ ಎಂದು ಕರೆದು ಕೇಕೆ ಹಾಕುತ್ತದೆ. ಮೂರು ದಾಟಿದ ಮೇಲೆ ಲೋಕದ ನಿಯಮ ತಲೆಕೆಳಗಾದ ಚಿತ್ರಗಳು ರುಚಿಸುತ್ತವೆ, ಮರದ ಮೇಲೆ ಕೂತ ಎಮ್ಮೆಯ ಹಾಗೆ. ಎರಡರ್ಥದ ಮಾತು, ಶ್ಲೇಷೆ ಇವೆಲ್ಲ ಹಿಡಿಸುವುದು ಏಳರ ಸುಮಾರಿಗೆ. ಆದ್ದರಿಂದ ನಾಲ್ಕು ವರ್ಷದ ಮಗುವಿಗೆ ಮಾತಿನ ಚಮತ್ಕಾರದ ಪುಸ್ತಕ ಬೇಡ. ಮಾತು ಮುಚ್ಚಿದರೂ ನಗು ಬರುವಂಥ ಚಿತ್ರಗಳಿರಲಿ.

ಓದುವ ಮುನ್ನ

ಪುಸ್ತಕವನ್ನು ನೀವೊಬ್ಬರೇ ಒಮ್ಮೆ ನೋಡಿಕೊಳ್ಳಿ. ಯಾವ ಪುಟ ತಿರುವಿದರೆ ಅಚ್ಚರಿ ಕಾದಿದೆ ಎಂಬುದು ಮೊದಲೇ ಗೊತ್ತಿರಬೇಕು, ಅಲ್ಲಿ ನಿಲ್ಲಲೇಬೇಕು. ಮನೆಯಲ್ಲಾದರೆ ಮಗುವಿನ ಎದುರಿಗಲ್ಲ, ಪಕ್ಕದಲ್ಲಿ ಕೂರಿ. ಪುಟ ತಿರುವುವ ಕೆಲಸ ಮಗುವಿನದು. ತರಗತಿಯಲ್ಲಾದರೆ ಪುಸ್ತಕದ ಮುಖ ಮಕ್ಕಳ ಕಡೆಗಿರುವಂತೆ ಎದೆಮಟ್ಟಕ್ಕೆ ಹಿಡಿದು ಪಕ್ಕದಿಂದ ಓದಿ. ಮಕ್ಕಳು ತುಂಬಾ ಇದ್ದರೆ ಎರಡು ಗುಂಪು ಮಾಡುವುದು ಒಳ್ಳೆಯದು. ಚಿತ್ರ ಕಾಣದ ಹಿಂದಿನ ಸಾಲಿನ ಮಗು ಪಕ್ಕದವನನ್ನು ಗಿಂಡುತ್ತಿದ್ದರೆ ತಪ್ಪು ಅದರದಲ್ಲ.

ಮುಖಪುಟದಲ್ಲಿ ಒಂದು ನಿಮಿಷ ನಿಲ್ಲಿ. ‘ಇವನಿಗೆ ಏನಾಗಿರಬಹುದು?’ ಎಂಬ ಒಂದೇ ಪ್ರಶ್ನೆ ಸಾಕು. ಉತ್ತರ ಸರಿಯೋ ತಪ್ಪೋ ಹೇಳಬೇಡಿ.

ಅಕ್ಷರ ಹೇಳದ್ದನ್ನು ಚಿತ್ರ ಹೇಳುವಾಗ

ಇದು ಎಲ್ಲಕ್ಕಿಂತ ಮುಖ್ಯವಾದ ಹಂತ. ಇದಕ್ಕೆ ನಾನು ಯಾವತ್ತೂ ಕೊಡುವ ಉದಾಹರಣೆ ಬ್ರಿಟನ್ನಿನ ಪ್ಯಾಟ್ ಹಚಿನ್ಸ್ ಬರೆದು ಚಿತ್ರಿಸಿದ ‘ರೋಸೀಸ್ ವಾಕ್’. 1968ರಲ್ಲಿ ಬಂದ ಈ ಪುಸ್ತಕದಲ್ಲಿ ಇರುವುದು ಒಂದೇ ಒಂದು ವಾಕ್ಯ, ಒಟ್ಟು 32 ಪದ. ರೋಸಿ ಎಂಬ ಹೇಂಟೆ ಅಂಗಳ, ಕೊಳ, ಹುಲ್ಲಿನ ಬಣವೆ, ಗಿರಣಿ ಎಲ್ಲ ಸುತ್ತಿ ಊಟದ ಹೊತ್ತಿಗೆ ಗೂಡು ಸೇರುತ್ತದೆ, ಅಷ್ಟೇ. ಆದರೆ ಚಿತ್ರದಲ್ಲಿ ಅದರ ಬೆನ್ನಿಗೆ ಒಂದು ನರಿಯಿದೆ. ಹಾರಿ ಹಿಡಿಯಲು ಹೋದಾಗಲೆಲ್ಲ ಅದಕ್ಕೊಂದು ಪೆಟ್ಟು: ಕುಂಟೆಯ ಹಿಡಿ ಮೂತಿಗೆ ಬಡಿಯುತ್ತದೆ, ಕೊಳಕ್ಕೆ ಬೀಳುತ್ತದೆ, ಹಿಟ್ಟು ಮೈಮೇಲೆ ಸುರಿಯುತ್ತದೆ, ಕೊನೆಗೆ ಜೇನುಹುಳುಗಳು ಅಟ್ಟಿಸಿಕೊಂಡು ಬರುತ್ತವೆ. ರೋಸಿಗೆ ಇದಾವುದರ ಪರಿವೆಯೂ ಇಲ್ಲ. ಬರಹದಲ್ಲಿ ನರಿಯ ಹೆಸರು ಒಮ್ಮೆಯೂ ಬರುವುದಿಲ್ಲ.

ಈ ಪುಸ್ತಕ ಓದುವ ದೊಡ್ಡವರು ನರಿಯತ್ತ ಬೆರಳು ತೋರಿಸಲೇಬಾರದು. ಕೋಳಿ ಹೊರಟಿತು, ಕೋಳಿ ದಾಟಿತು ಎಂದು ಏನೂ ಆಗದವರಂತೆ ಓದುತ್ತಾ ಹೋಗಿ. ಒಂದೆರಡು ಪುಟದೊಳಗೆ ಮಗು ‘ನರಿ! ನರಿ!’ ಎಂದು ಕೂಗುತ್ತದೆ. ಆಗ, ‘ನರಿಯಾ? ನಾನು ಓದ್ತಿರೋದ್ರಲ್ಲಿ ಇಲ್ವಲ್ಲ, ಎಲ್ಲಿದೆ ತೋರಿಸು’ ಎನ್ನಿ. ಅಕ್ಷರ ಬಲ್ಲ ಅಮ್ಮನಿಗೆ ಗೊತ್ತಿಲ್ಲದ್ದು ಅಕ್ಷರ ಬಾರದ ತನಗೆ ಗೊತ್ತು! ಆ ಹೆಮ್ಮೆಯಲ್ಲಿ ಹುಟ್ಟುವ ನಗು ಬೇರೆಯೇ. ಓದು ಎಂದರೆ ದೊಡ್ಡವರು ಹೇಳಿದ್ದನ್ನು ಕೇಳುವುದಲ್ಲ, ಪುಟವನ್ನು ತಾನೇ ಬಗೆದು ನೋಡುವುದು ಎಂಬ ಅರಿವೂ ಅಲ್ಲಿಂದಲೇ ಶುರುವಾಗುತ್ತದೆ.

ಇನ್ನೊಂದು ಗಮನಿಸಿ. ನರಿಗೆ ಬೀಳಲಿರುವ ಪೆಟ್ಟಿನ ಸುಳಿವು ಹಿಂದಿನ ಚಿತ್ರದಲ್ಲೇ ಇರುತ್ತದೆ. ಕುಂಟೆ ಅಲ್ಲೇ ಬಿದ್ದಿದೆ, ಕೊಳ ಅಲ್ಲೇ ಇದೆ. ಪುಟ ತಿರುವುವ ಮೊದಲು ‘ಈಗೇನಾಗುತ್ತೆ?’ ಎಂದು ಕೇಳಿ ಸುಮ್ಮನಿರಿ. ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ದೊಡ್ಡವರಿಗೆ ಅದು ಬಹಳ ಹೊತ್ತೆನಿಸುತ್ತದೆ, ಮಗುವಿಗೆ ಚಿತ್ರ ಹುಡುಕಲು ಅಷ್ಟು ಬೇಕೇ ಬೇಕು.

ಮರುಕಳಿಸುವ ಮಾತು ಮಗುವಿಗೆ ಬಿಡಿ

ನಮ್ಮ ಶೃಂಗೇರಿ ಶ್ರೀನಿವಾಸನ ನಗು ಇನ್ನೊಂದು ಬಗೆಯದು. ‘ನೋನಿ’ ಎಂಬ ಹೆಸರಿನಲ್ಲಿ ರೋಹಿಣಿ ನಿಲೇಕಣಿ ಬರೆದು, ಆಂಜಿ ಮತ್ತು ಉಪೇಶ್ ಚಿತ್ರ ಬಿಡಿಸಿ, ಬೆಂಗಳೂರಿನ ಪ್ರಥಮ್ ಬುಕ್ಸ್ ಪ್ರಕಟಿಸಿದ ಸರಣಿ ಇದು. ಇಂಗ್ಲಿಷಿನಲ್ಲಿ ‘ಆನ್ಯುಯಲ್ ಹೇರ್‌ಕಟ್ ಡೇ’ ಎಂಬ ಹೆಸರಿರುವ ಕಥೆಯಲ್ಲಿ ಶ್ರೀನಿವಾಸ ಕಟಿಂಗ್ ಮಾಡಿಸುವುದು ವರ್ಷಕ್ಕೆ ಒಂದೇ ಸಲ. ಅಷ್ಟುದ್ದದ ಕೂದಲು ಕತ್ತರಿಸಲು ಕ್ಷೌರಿಕನಿಗೂ ಪುರುಸೊತ್ತಿಲ್ಲ, ಹೆಂಡತಿಗೂ ಇಲ್ಲ. ಹೀಗೆ ಒಬ್ಬೊಬ್ಬರನ್ನೇ ಕೇಳುತ್ತಾ ಹೋದವನು ಕೊನೆಗೆ ಹುಲಿಯೊಂದಕ್ಕೆ ಎದುರಾಗುತ್ತಾನೆ.

ಮೊದಲ ಎರಡು ನಿರಾಕರಣೆಗಳನ್ನು ನೀವು ಹೇಳಿ. ಮೂರನೆಯದಕ್ಕೆ ‘ಆಗ ಅವರು ಏನಂದ್ರು?’ ಎಂದು ನಿಲ್ಲಿಸಿ. ಸಾಲು ಮಗುವಿನ ಬಾಯಿಂದಲೇ ಬರುತ್ತದೆ. ಅದು ಪುಸ್ತಕದ ಕನ್ನಡದಲ್ಲೇ ಬರಬೇಕಿಲ್ಲ. ಹುಬ್ಬಳ್ಳಿಯ ಹುಡುಗಿ ‘ಟೈಮಿಲ್ರೀ’ ಎನ್ನಲಿ, ಕುಂದಾಪುರದವನು ತನ್ನ ಮನೆಯ ಮಾತಿನಲ್ಲೇ ಹೇಳಲಿ. ಮನೆಮಾತಿನಲ್ಲಿ ಬಂದ ಮಾತಿಗೆ ನಗು ಬೇಗ ಅಂಟುತ್ತದೆ.

ಪ್ರಶ್ನೆಗಳ ವಿಷಯದಲ್ಲಿ ಎಚ್ಚರವಿರಲಿ. ‘ಇದು ಯಾವ ಬಣ್ಣ? ಇಲ್ಲಿ ಎಷ್ಟು ಜನ ಇದ್ದಾರೆ?’ ಎಂದರೆ ಕಥೆ ಪರೀಕ್ಷೆಯಾಗುತ್ತದೆ. ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೌದು-ಇಲ್ಲ ಎಂದು ಮುಗಿಯದ ಪ್ರಶ್ನೆ ಕೇಳಿ, ಮಗುವಿನ ಮಾತನ್ನು ತುಸು ಬೆಳೆಸುತ್ತಾ ಓದಲು ತಂದೆತಾಯಿಗೆ ಕಲಿಸಿದಾಗ ಮಕ್ಕಳ ಮಾತುಗಾರಿಕೆ ಮುಂದೆ ಹೋದದ್ದು ಕಂಡುಬಂತು. ಮಾಡುವುದು ಸುಲಭ. ಮಗು ‘ಕೂದ್ಲು ಉದ್ದ’ ಎಂದರೆ ‘ಹೌದು, ಬಾಚೋಕೂ ಆಗದಷ್ಟು ಉದ್ದ’ ಎನ್ನಿ. ಮುಂದಿನ ಸಲ ‘ಬಾಚೋಕಾಗಲ್ಲ’ ಎಂಬ ಮಾತು ಅದರ ಬಾಯಲ್ಲೇ ಬಂದೀತು.

ಹುಲಿ ಬರುವ ಪುಟದಲ್ಲಿ ಕೆಲವು ಮಕ್ಕಳು ಹೆದರಿ ಮಡಿಲಿಗೆ ಒರಗುತ್ತವೆ. ಹೆದರುವ ಮಗುವಿಗೇ ಹುಲಿಯ ಪಾತ್ರ ಕೊಟ್ಟುಬಿಡಿ. ಅದು ಗರ್ಜಿಸಲಿ, ನೀವು ಶ್ರೀನಿವಾಸನಾಗಿ ಬೆಚ್ಚಿಬೀಳಿ.

ನಗು ಬರದಿದ್ದರೆ

ಬರದಿರಲಿ. ಮೊದಲ ಓದಿನಲ್ಲಿ ಗಂಭೀರವಾಗಿ ನೋಡಿದ ಮಗು ಎಷ್ಟೋ ಸಲ ಮಾರನೆಯ ದಿನ, ಏನು ಬರಲಿದೆ ಎಂದು ಗೊತ್ತಿದ್ದೇ ನಗುತ್ತದೆ. ಅದಕ್ಕೇ ‘ಇನ್ನೊಂದ್ಸಲ’ ಎಂದಾಗ ಬೇಸರಿಸದೆ ಓದಬೇಕು. ನೀವಂದುಕೊಂಡ ಜಾಗ ಬಿಟ್ಟು ಮೂಲೆಯಲ್ಲಿರುವ ಬೆಕ್ಕನ್ನು ನೋಡಿ ನಕ್ಕರೆ ಬೆಕ್ಕಿನ ಬಗ್ಗೆಯೇ ಮಾತಾಡಿ. ‘ಯಾಕೆ ನಗ್ತಿದೀಯ?’ ಎಂದು ಕಾರಣ ಕೇಳಿದರೆ ಮಗು ಮುದುಡುತ್ತದೆ.

ಪುಸ್ತಕ ಆರಿಸುವಾಗ ಒಂದು ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಡೊಳ್ಳುಹೊಟ್ಟೆ, ಕಪ್ಪು ಮೈ, ತೊದಲು ಮಾತು, ಕುಂಟುಗಾಲು ಇವೇ ತಮಾಷೆಯಾಗಿರುವ ಪುಸ್ತಕ ಬೇಡ. ಅಂಥದ್ದೇ ಮೈಕಟ್ಟಿನ ಮಗು ನಿಮ್ಮ ತರಗತಿಯಲ್ಲಿ ಕೂತಿರುತ್ತದೆ, ನಾಳೆಯಿಂದ ಆ ಹೆಸರು ಅದಕ್ಕೆ ಅಂಟುತ್ತದೆ. ಇಕ್ಕಟ್ಟಿಗೆ ಸಿಕ್ಕವನನ್ನು ನೋಡಿ ನಗುವಾಗಲೂ ಮಗುವಿಗೆ ಅವನ ಮೇಲೆ ಪ್ರೀತಿ ಹುಟ್ಟಬೇಕು. ಶ್ರೀನಿವಾಸನ ಕಥೆಯಲ್ಲಿ ಅದಿದೆ.

ಇನ್ನೊಂದು ಪುಟ ಸೇರಿಸಿ

ಎರಡು ಮೂರು ಓದು ಆದಮೇಲೆ ಖಾಲಿ ಹಾಳೆ, ಬಣ್ಣದ ಕಡ್ಡಿ ಕೊಡಿ. ‘ಶ್ರೀನಿವಾಸ ಇನ್ಯಾರನ್ನು ಕೇಳಬಹುದಿತ್ತು?’ ಎಂದರೆ ಕುರಿಯ ಉಣ್ಣೆ ಕತ್ತರಿಸುವವರು, ಬಸ್ ಕಂಡಕ್ಟರು, ತಿರುಪತಿಯಲ್ಲಿ ತನಗೇ ಮುಡಿ ತೆಗೆದವರು, ಹೀಗೆ ಮಗು ಕಂಡವರೆಲ್ಲ ಹಾಳೆಗೆ ಬರುತ್ತಾರೆ. ಬಿಡಿಸಿದ ಮೇಲೆ ಮಗು ಹೇಳಿದ್ದನ್ನು ತಿದ್ದದೆ ಅದರ ಮಾತಿನಲ್ಲೇ ಚಿತ್ರದ ಕೆಳಗೆ ಬರೆಯಿರಿ, ಹೆಸರು ಹಾಕಿ, ಮುಂದಿನ ಸಲ ಓದುವಾಗ ಆ ಪುಟವನ್ನೂ ಸೇರಿಸಿ ಓದಿ.

ಪುಸ್ತಕ ಎಲ್ಲಿ ಸಿಗುತ್ತದೆ? ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ‘ಸ್ಟೋರಿವೀವರ್’ ಜಾಲತಾಣದಲ್ಲಿ ಕನ್ನಡದ ಚಿತ್ರಕಥೆಗಳು ಉಚಿತವಾಗಿ ಸಿಗುತ್ತವೆ. ಮುಕ್ತ ಪರವಾನಗಿ ಇರುವುದರಿಂದ ಇಳಿಸಿಕೊಂಡು ಮುದ್ರಿಸಬಹುದು. ಮೊಬೈಲಿನ ಪುಟ್ಟ ಪರದೆಯಲ್ಲಿ ಮೂಲೆಯ ಬೆಕ್ಕು ಕಾಣುವುದಿಲ್ಲ, ಆದ್ದರಿಂದ ಮುದ್ರಿಸಿದ್ದೇ ಮೇಲು. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ವಿಚಾರಿಸಿ. ‘ಓದುವ ಬೆಳಕು’ ಕಾರ್ಯಕ್ರಮದಡಿ ಶಾಲಾ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಕಪಾಟಿನಲ್ಲಿ ಚಿತ್ರಪುಸ್ತಕಗಳಿಲ್ಲದಿದ್ದರೆ ತರಿಸಿಕೊಡಿ ಎಂದು ಗ್ರಂಥಪಾಲಕರಿಗೆ ಬರೆದುಕೊಡಿ.