ಈ ರಸ್ತೆ ಯಾರದು ಎಂದು ಮೊದಲು ಕೇಳಿ

ಸಂಜೆ ಬೆಂಗಳೂರಿನಿಂದ ಬರುವ ರೈಲು ಕೆಜಿಎಫ್‌ನ ಚಾಂಪಿಯನ್ ನಿಲ್ದಾಣದಲ್ಲಿ ನಿಂತಾಗ ಇಳಿಯುವವರ ಕೈಯಲ್ಲಿ ಖಾಲಿ ಊಟದ ಡಬ್ಬಿ ಇರುತ್ತದೆ. ಬೆಳಗಿನ ಕತ್ತಲಲ್ಲಿ ಮನೆ ಬಿಟ್ಟವರು ಮತ್ತೆ ಕತ್ತಲಲ್ಲೇ ಮನೆಗೆ ನಡೆಯುತ್ತಾರೆ. ಅಂಗಡಿ ಸಾಲಿನ ಮುಂದೆ ಬೈಕುಗಳು ಅಡ್ಡಡ್ಡ ನಿಂತಿರುತ್ತವೆ. ಚರಂಡಿ ಮೇಲಿನ ಚಪ್ಪಡಿ ಎದ್ದಿರುತ್ತದೆ. ನಡೆಯುವವರು ಬೇರೆ ದಾರಿ ಕಾಣದೆ ಟಾರು ರಸ್ತೆಗೆ ಇಳಿಯುತ್ತಾರೆ. ಮಗುವನ್ನು ಅಂಗಡಿ ಬದಿಗೆ ಸರಿಸಿ, ತಾನು ಗಾಡಿಗಳ ಬದಿಗೆ ನಡೆದ ತಾಯಿಯೊಬ್ಬಳನ್ನು ನೋಡಿದ್ದೇನೆ. ಮಗುವಿಗೆ ಅವಳ ಮೈಯೇ ಕಟ್ಟೆ.

ಆ ತಾಯಿಯ ಬೆನ್ನಿಗೆ ಈಗ ಕಾನೂನು ಗಟ್ಟಿಯಾಗಿಯೇ ನಿಂತಿದೆ. ಕೊಯಮತ್ತೂರಿನ ಮೂಳೆ ತಜ್ಞ ಡಾ. ಎಸ್. ರಾಜಶೇಖರನ್ 2012ರಲ್ಲಿ ಹೂಡಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಮೇ 14ರಂದು, ಪಾದಚಾರಿ ಮಾರ್ಗ ಬಳಸುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದಿತು. ಅದೇ ವರ್ಷ ಅಕ್ಟೋಬರ್ 7ರಂದು, ಪಾದಚಾರಿಗಳ ಸುರಕ್ಷತೆಗೆ ಆರು ತಿಂಗಳೊಳಗೆ ನಿಯಮ ರೂಪಿಸುವಂತೆ ರಾಜ್ಯಗಳಿಗೆ ಸೂಚಿಸಿತು. ಕರ್ನಾಟಕ ಪೌರಸಭೆಗಳ ಅಧಿನಿಯಮ 1964ರ 87ನೇ ಪ್ರಕರಣದ ಪ್ರಕಾರ ಬೀದಿದೀಪ ಹಾಕುವುದು, ಬೀದಿಯ ಅಡೆತಡೆ ತೆಗೆಯುವುದು ನಗರಸಭೆಯ ಕಡ್ಡಾಯ ಕೆಲಸ. ಬೆಂಗಳೂರಿಗಿಂತ ಮೊದಲೇ, 1902ರಲ್ಲೇ ಶಿವನಸಮುದ್ರದ ಕರೆಂಟು ಕಂಡ ಕೆಜಿಎಫ್‌ನಲ್ಲಿ ಒಂದು ಬೀದಿದೀಪಕ್ಕಾಗಿ ಅಲೆಯುವುದು ನನಗೆ ಸಂಕಟದ ಮಾತು.

ಆದರೆ ಅರ್ಜಿ ಹಿಡಿದು ಹೋದಾಗ "ಇದು ನಮ್ಮ ವ್ಯಾಪ್ತಿಗೆ ಬರಲ್ಲ" ಎಂಬ ಉತ್ತರ ಬರಬಹುದು. ಗಣಿ ಊರಿನಲ್ಲಿ ಈ ಮಾತಿಗೆ ಜಾಗವಿದೆ. ಭಾರತ್ ಗೋಲ್ಡ್ ಮೈನ್ಸ್ 2001ರ ಫೆಬ್ರವರಿ 28ರಂದು ಮುಚ್ಚಿತು. ಅದು ಕೇಂದ್ರ ಸರ್ಕಾರದ ಕಂಪನಿ. ಇಲ್ಲಿ ಒಂದು ರಸ್ತೆ ನಗರಸಭೆಯದಿರಬಹುದು, ಲೋಕೋಪಯೋಗಿ ಇಲಾಖೆಯದಿರಬಹುದು, ಗಣಿ ಜಮೀನಿನ ಮೇಲೆಯೇ ಹಾದಿರಬಹುದು. ಆದ್ದರಿಂದ ದೀಪ, ಹಂಪ್, ಜೀಬ್ರಾ ಪಟ್ಟಿ ಎಲ್ಲಕ್ಕೂ ಮೊದಲು ರಸ್ತೆ ಯಾರದೆಂಬುದು ಕಾಗದದ ಮೇಲೆ ಬರಬೇಕು.

ಅದಕ್ಕೆ ಮಾಹಿತಿ ಹಕ್ಕು ಅರ್ಜಿ ಸಾಕು. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೇರಿರಬೇಕು, 150 ಪದ ಮೀರಬಾರದು. "ಏಕೆ ರಿಪೇರಿ ಮಾಡಿಲ್ಲ?" ಎಂದು ಕೇಳಬೇಡಿ. ಆ ಕಾಯ್ದೆಯಡಿ ಸಿಗುವುದು ದಾಖಲೆ, ಸಮಜಾಯಿಷಿಯಲ್ಲ. ಹೀಗೆ ಬರೆಯಿರಿ: "ಚಾಂಪಿಯನ್ ರೀಫ್ಸ್‌ನ ಇಂಥ ಜಾಗದಿಂದ ಇಂಥ ಜಾಗದವರೆಗಿನ ರಸ್ತೆಯ ನಿರ್ವಹಣೆ ಯಾವ ಸಂಸ್ಥೆಗೆ ಸೇರಿದೆ ಎಂಬ ದಾಖಲೆಯ ಪ್ರತಿ, ಮತ್ತು ಕಳೆದ ಮೂರು ವರ್ಷ ಅದರ ನಿರ್ವಹಣೆಗೆ ಆದ ಖರ್ಚಿನ ವಿವರ ಕೊಡಿ." ಅರ್ಜಿ ತಪ್ಪು ಕಚೇರಿಗೆ ಹೋದರೂ ಚಿಂತೆಯಿಲ್ಲ. 6(3)ನೇ ಪ್ರಕರಣದಂತೆ ಅದನ್ನು ಐದು ದಿನದೊಳಗೆ ಸರಿಯಾದ ಕಚೇರಿಗೆ ಕಳಿಸುವುದು ಅವರ ಹೊಣೆ. ಬರೆಯಲು ಬಾರದವರ ಮಾತನ್ನು ಬರಹಕ್ಕಿಳಿಸಿಕೊಡುವುದೂ ಮಾಹಿತಿ ಅಧಿಕಾರಿಯ ಕರ್ತವ್ಯ. 30 ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ.

ರಸ್ತೆಯ ಒಡೆಯರು ಗೊತ್ತಾದ ಮೇಲೆ ಅವರಿಗೊಂದು ದೂರು ಬರೆಯಿರಿ. ಫೋಟೊ, ದಿನಾಂಕ, ಯಾವ ಅಂಗಡಿಯ ಎದುರು ಎಂಬ ಗುರುತು ಅದರಲ್ಲಿರಲಿ. ಕಂದಾಯದ ಮಟ್ಟಿಗೆ ನಮ್ಮ ಜಿಲ್ಲಾ ಕೇಂದ್ರ ಕೋಲಾರ, ಪೊಲೀಸ್ ಮಟ್ಟಿಗೆ ಕೆಜಿಎಫ್ಫೇ ಪ್ರತ್ಯೇಕ ಜಿಲ್ಲೆ. ಹಾಗಾಗಿ ಪಾರ್ಕಿಂಗ್, ವೇಗದ ದೂರಿನ ಪ್ರತಿ ಇಲ್ಲಿನ ಎಸ್‌ಪಿ ಕಚೇರಿಗೆ ಹೋಗಲಿ, ಇನ್ನೊಂದು ಪ್ರತಿ ಕೋಲಾರದಲ್ಲಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ರಸ್ತೆ ಸುರಕ್ಷತಾ ಸಮಿತಿಗೆ. ಸರ್ಕಾರದ 1902 ಸಹಾಯವಾಣಿಯಲ್ಲೂ ದೂರು ದಾಖಲಿಸಬಹುದು. "ಅನುದಾನವಿಲ್ಲ" ಎಂದರೆ ಸುಮ್ಮನಾಗಬೇಡಿ. ಮಧ್ಯಪ್ರದೇಶದ ರತ್ಲಾಂ ಪುರಸಭೆ ತೆರೆದ ಚರಂಡಿಯ ವಿಚಾರದಲ್ಲಿ ಇದೇ ಮಾತು ಹೇಳಿದಾಗ, ಕಡ್ಡಾಯ ಕೆಲಸಕ್ಕೆ ಹಣದ ನೆಪ ಸಲ್ಲದೆಂದು ಸುಪ್ರೀಂ ಕೋರ್ಟ್ 1980ರಲ್ಲೇ ತೀರ್ಪಿತ್ತಿತು. ಅಂಥ ಸಾರ್ವಜನಿಕ ಉಪದ್ರವ ತೆರವಿಗೆ ಇಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಪ್ರಕರಣದಡಿ ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಬಹುದು.

ಫುಟ್‌ಪಾತ್ ಖಾಲಿ ಮಾಡಿಸಿ ಎಂದೊಡನೆ ಮೊದಲು ಎತ್ತಂಗಡಿಯಾಗುವುದು ಹೂವಿನ ಬುಟ್ಟಿ, ಸೊಪ್ಪಿನ ಗಾಡಿ. ನನಗೆ ಇದು ಸರಿಕಾಣದು. ವ್ಯಾಪಾರಿಗಳ ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಅವರನ್ನು ಎಬ್ಬಿಸಬಾರದೆಂದು 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಹೇಳುತ್ತದೆ. ಆ ಕಾಯ್ದೆಯಂತೆ ರಚಿಸುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ. 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳೇ ಇರಬೇಕು. ನಿಮ್ಮ ದೂರಿನಲ್ಲಿ ಅಡ್ಡ ನಿಂತ ವಾಹನ, ಹೊರಚಾಚಿದ ಅಂಗಡಿ ಮೆಟ್ಟಿಲು, ಫ್ಲೆಕ್ಸ್ ಬೋರ್ಡುಗಳನ್ನು ಹೆಸರಿಸಿ. ವ್ಯಾಪಾರಿಗಳಿಗೆ ಜಾಗ ಗುರುತಿಸಿಕೊಡುವಂತೆಯೂ ಅದರಲ್ಲೇ ಬೇಡಿಕೆಯಿಡಿ.

ಅಪಘಾತವೇ ನಡೆದುಹೋದರೆ ಗಾಯಾಳುವನ್ನು ಎತ್ತಲು ಹೆದರಬೇಡಿ. ಮೋಟಾರು ವಾಹನ ಕಾಯ್ದೆಯ 134ಎ ಪ್ರಕರಣ ನೆರವಾದವರನ್ನು ಕಾಯುತ್ತದೆ. ಹೆಸರು ಹೇಳಲೇಬೇಕೆಂದು ಯಾರೂ ಒತ್ತಾಯಿಸುವಂತಿಲ್ಲ. 2025ರ ನಗದುರಹಿತ ಚಿಕಿತ್ಸಾ ಯೋಜನೆಯಡಿ ಗಾಯಾಳುವಿಗೆ ಏಳು ದಿನದವರೆಗೆ, 1.5 ಲಕ್ಷ ರೂಪಾಯಿ ಮಿತಿಯಲ್ಲಿ ಚಿಕಿತ್ಸೆ ಇದೆ. ಗುದ್ದಿದ ಗಾಡಿ ಸಿಗದೇ ಹೋದರೆ ತಹಶೀಲ್ದಾರ್ ಕಚೇರಿಯಲ್ಲಿ ಅರ್ಜಿ ಕೊಡಿ. ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ ರೂಪಾಯಿ ಪರಿಹಾರವಿದೆ. ಗಾಡಿ ಸಿಕ್ಕರೆ ಪರಿಹಾರ ನ್ಯಾಯಮಂಡಳಿಗೆ ಆರು ತಿಂಗಳೊಳಗೆ ಅರ್ಜಿ ಹಾಕಿ. ವಕೀಲರ ಖರ್ಚು ಭರಿಸಲಾಗದವರು ಉಚಿತ ನೆರವಿಗೆ 15100ಕ್ಕೆ ಕರೆ ಮಾಡಬಹುದು.

ರಸ್ತೆ ಕೆಟ್ಟಿದ್ದರಿಂದಲೇ ಸಾವು ಅಥವಾ ಅಂಗವೈಕಲ್ಯ ಆಗಿದ್ದರೆ, ಅದರ ಹೊಣೆ ಹೊತ್ತ ಸಂಸ್ಥೆಗೆ ಅಥವಾ ಗುತ್ತಿಗೆದಾರರಿಗೆ ಮೋಟಾರು ವಾಹನ ಕಾಯ್ದೆಯ 198ಎ ಪ್ರಕರಣದಡಿ 1 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಆಗ ನ್ಯಾಯಾಲಯ ನೋಡುವ ಸಂಗತಿಗಳಲ್ಲಿ ಒಂದು, ಆ ಜಾಗದಲ್ಲಿ ಅಪಾಯವಿದೆಯೆಂಬುದು ಸಂಸ್ಥೆಗೆ ಮೊದಲೇ ತಿಳಿದಿತ್ತೇ ಎಂಬುದು. ಇದಕ್ಕಾಗಿಯೇ ದೂರು ಕೊಟ್ಟಾಗ ಬಾಯಿಮಾತಿನ "ನೋಡ್ತೀವಿ"ಗೆ ಒಪ್ಪಿ ಹೊರಡಬೇಡಿ. ನಿಮ್ಮ ಪ್ರತಿಯ ಮೇಲೆ ದಿನಾಂಕವಿರುವ ಸ್ವೀಕೃತಿ ಮೊಹರು ಹಾಕಿಸಿಕೊಂಡು, ಅದನ್ನು ರೇಷನ್ ಕಾರ್ಡಿನ ಜೊತೆ ಜೋಪಾನವಾಗಿಡಿ.