ಮೈಲುತುತ್ತವೂ ಜೀವಕಣವೂ: ತೆಂಗಿನ ಸುಳಿಕೊಳೆ ರೋಗದ ವಿಷಯ

ಕಾಳೀ ನದಿಯು ಸಮುದ್ರವನ್ನು ಕೂಡುವ ಸ್ಥಳದಲ್ಲಿ, ಅದರ ಉತ್ತರದ ದಡದಲ್ಲಿರುವ ದೇವಬಾಗದಂಥ ಮಳಲುನೆಲದ ಗ್ರಾಮಗಳಲ್ಲಿ ತೆಂಗು ಬಹು ಬೆಲೆಯುಳ್ಳ ವೃಕ್ಷವು. ಈ ವೃಕ್ಷಕ್ಕೆ ಬೆಳೆಯುವ ಸುಳಿ ಒಂದೇ. ಅದು ಕೊಳೆತರೆ ಮರವು ಸತ್ತಿತೆಂದೇ ತಿಳಿಯತಕ್ಕದ್ದು. ಮಳೆಗಾಲದಲ್ಲಿ ಎಳೆಯ ಸುಳಿಗರಿಯು ಬಾಡಿ ಬಣ್ಣಗೆಟ್ಟು, ಎಳೆದರೆ ಸುಲಭವಾಗಿ ಕಿತ್ತುಬಂದು, ದುರ್ಗಂಧ ಹೊರಡುವುದಾದರೆ ಅದೇ ಸುಳಿಕೊಳೆ ರೋಗವು.

ರೋಗದ ಕಾರಣ
ಇದನ್ನುಂಟುಮಾಡುವುದು ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿಯು. ಅಡಿಕೆಯ ಕೊಳೆರೋಗಕ್ಕೂ ಇದರ ಕುಲವೇ ಮೂಲವೆಂದು ಮೈಸೂರು ಸಂಸ್ಥಾನದ ವ್ಯವಸಾಯ ಇಲಾಖೆಯ ಡಾಕ್ಟರ್ ಕೋಲ್ಮನ್ ಎಂಬವರು 1910ರಲ್ಲಿ ವಿವರಿಸಿದರು. ಹಿಂದೆ ಇದನ್ನು ಬೂಷ್ಟುಗಳಲ್ಲಿ ಎಣಿಸುತ್ತಿದ್ದರು. ಇದು ಕಂದು ಪಾಚಿಗಳಿಗೆ ಹತ್ತಿರದ್ದೆಂದು ಈಗ ತಿಳಿದಿರುವುದು. ಇದರ ಬೀಜಕಣಗಳು ನೀರಿನಲ್ಲಿ ಎರಡು ಎಳೆಗಳನ್ನು ಬಡಿಯುತ್ತ ಈಜುವವು. ಆದುದರಿಂದಲೇ ಮಳೆಯು ಎಡೆಬಿಡದೆ ಸುರಿಯುವಾಗ ರೋಗವು ಹಬ್ಬುವುದು.

ಔಷಧದ ಕೆಲಸ
ಪ್ರಯೋಗಶಾಲೆಯಲ್ಲಿ ಇಂಥ ಬೀಜಕಣಗಳುಳ್ಳ ನೀರಿನ ಹನಿಗೆ ಮೈಲುತುತ್ತವನ್ನು ಅತ್ಯಲ್ಪವಾಗಿ ಸೇರಿಸಿ ಸೂಕ್ಷ್ಮದರ್ಶಕದಿಂದ ನೋಡಿದರೆ, ಅವುಗಳ ಈಜಾಟ ನಿಂತು ಅವು ನಾಶವಾಗುವುದು ಕಾಣುವುದು. ಈಜುವ ಕಣಕ್ಕೆ ಗಟ್ಟಿಯಾದ ಹೊರಗೋಡೆಯಿಲ್ಲ; ತಾಮ್ರವು ತೆಳುಪೊರೆಯನ್ನು ದಾಟಿ ಒಳಗಿನ ಸಸಾರಜನಕ ಪದಾರ್ಥಗಳಿಗೆ ಅಂಟಿಕೊಂಡು ಜೀವಕ್ರಿಯೆಯನ್ನು ನಿಲ್ಲಿಸುವುದು. ಅದೇ ತಾಮ್ರವು ಲೇಶಮಾತ್ರವಾಗಿ ಗಿಡಕ್ಕೆ ಆಹಾರ, ಹೆಚ್ಚಾದರೆ ಎಲೆಯನ್ನೂ ಸುಡುವ ವಿಷ. ಪ್ರಮಾಣವೇ ಇಲ್ಲಿ ಮುಖ್ಯವು.

ಈ ತೊಂದರೆಯನ್ನು ತಪ್ಪಿಸುವುದು ಸುಣ್ಣ. ಫ್ರಾನ್ಸ್ ದೇಶದ ಬೋರ್ಡೋ ಸೀಮೆಯಲ್ಲಿ ಕಳ್ಳರು ದ್ರಾಕ್ಷಿಯನ್ನು ತಿನ್ನದಿರಲೆಂದು ದಾರಿಯ ಬದಿಯ ಬಳ್ಳಿಗಳಿಗೆ ತುತ್ತ ಮತ್ತು ಸುಣ್ಣವನ್ನು ಎರಚುತ್ತಿದ್ದರು. ಆ ಬಳ್ಳಿಗಳಿಗೆ ರೋಗ ತಗಲದ್ದನ್ನು ಮಿಲಾರ್ಡೆ ಎಂಬ ಪಂಡಿತರು ಕಂಡು, 1885ರಲ್ಲಿ ಈ ಔಷಧವನ್ನು ಪ್ರಕಟಿಸಿದರು. ಸುಣ್ಣವು ಕೂಡಿದಾಗ ತಾಮ್ರವು ಎಲೆಗೆ ಅಂಟಿ, ತೇವ ತಗಲಿದಂತೆ ಸ್ವಲ್ಪ ಸ್ವಲ್ಪವಾಗಿ ಕರಗುವುದು.

ತಯಾರಿಸುವ ಕ್ರಮ
ಒಂದು ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿಯೂ, ಒಂದು ಕಿಲೋ ಹೊಸ ಸುಟ್ಟಸುಣ್ಣವನ್ನು ಅರಳಿಸಿ ಇನ್ನು 50 ಲೀಟರ್ ನೀರಿನಲ್ಲಿಯೂ ಕಲಸಿ ಸೋಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಕದಡುತ್ತ ಸುರಿಯಬೇಕು. ಕಬ್ಬಿಣದ ಪಾತ್ರೆ ಕೂಡದು. ಗಾಳಿಗೆ ಬಿಟ್ಟ ಹಳೆಯ ಸುಣ್ಣಕ್ಕೆ ಸತ್ವವಿಲ್ಲ. ಆದುದರಿಂದ ಹೊಳೆಯುವ ಕಬ್ಬಿಣದ ಚಾಕುವನ್ನು ದ್ರಾವಣದಲ್ಲಿ ಅದ್ದಿ ನೋಡಿರಿ. ಕೆಂಪು ಲೇಪ ಹತ್ತಿದರೆ ಇನ್ನಷ್ಟು ಸುಣ್ಣ ಬೇಕು. ದ್ರಾವಣವನ್ನು ಅದೇ ದಿನ ಉಪಯೋಗಿಸತಕ್ಕದ್ದು.

ರೋಗ ತಗಲಿದ ಸುಳಿಯ ಕೊಳೆತ ಭಾಗವನ್ನೆಲ್ಲ ಕೊಯ್ದು ತೆಗೆದು, ಇವೇ ವಸ್ತುಗಳನ್ನು ಕಿಲೋ ಒಂದಕ್ಕೆ 10 ಲೀಟರ್ ನೀರಿನಂತೆ ಕಲಸಿದ ಲೇಪವನ್ನು ಹಚ್ಚಿ, ಹೊಸ ಸುಳಿ ಬರುವವರೆಗೆ ಮಳೆ ತಾಗದಂತೆ ಮುಚ್ಚಬೇಕು. ಸುತ್ತಲಿನ ಮರಗಳ ತಲೆಗೆ ದ್ರಾವಣವನ್ನು ಸಿಂಪಡಿಸಬೇಕು. ಮುಂದಿನ ವರ್ಷಗಳಲ್ಲಿ ಮಳೆ ಹಿಡಿಯುವ ಮೊದಲೇ ಸಿಂಪಡಿಸುವುದು ಉತ್ತಮ.

ಎಚ್ಚರಿಕೆ
ತಾಮ್ರವು ಬೀಜಕಣವನ್ನು ಮಾತ್ರ ಆರಿಸಿ ಕೊಲ್ಲುವುದಿಲ್ಲ. ಮೀನಿನ ಕಿವಿರುಗಳ ಜೀವಕಣಗಳಿಗೂ, ಚಿಪ್ಪಿನ ಪ್ರಾಣಿಗಳಿಗೂ ಅದು ವಿಷವೇ. ಪಾತ್ರೆ ತೊಳೆದ ನೀರನ್ನು ಹೊಳೆಗಾಗಲಿ ಬಾವಿಗಾಗಲಿ ಬಿಡಬಾರದು. ಕಾಳಿಯ ಮುಖದಲ್ಲಿ ಮೀನು, ಚಿಪ್ಪುಗಳಿಂದ ಬದುಕುವ ಕುಟುಂಬಗಳಿವೆ. ತೋಟದವನ ಔಷಧವು ನೆರೆಯವನ ಅನ್ನವನ್ನು ಕೆಡಿಸಬಾರದು. ತಾಮ್ರವು ಮಣ್ಣಿನಲ್ಲಿಯೂ ಉಳಿದು ಸೇರುತ್ತ ಹೋಗುವುದರಿಂದ ಅನಾವಶ್ಯಕವಾಗಿ ಹೊಡೆಯಬಾರದು.

ಸತ್ತ ಮರವನ್ನು ನಿಲ್ಲಿಸಿಟ್ಟವನು ತನ್ನ ತೋಟಕ್ಕೆ ಮಾತ್ರವಲ್ಲದೆ ಊರಿಗೇ ಹಾನಿಮಾಡುವನು. ಗ್ರಾಮದ ಹಿರಿಯರು ಮಳೆಗಾಲಕ್ಕೆ ಮುಂಚೆ ತೋಟದವರನ್ನೆಲ್ಲ ಕೂಡಿಸಿ, ಇಂಥ ಮರಗಳನ್ನು ಕಡಿಸಿ ತಲೆಯನ್ನು ಸುಡಿಸಿ, ಎಲ್ಲರೂ ಒಂದೇ ಕಾಲದಲ್ಲಿ ಸಿಂಪಡಿಸುವಂತೆ ಏರ್ಪಡಿಸಬೇಕೆಂದು ವಿನಂತಿ.